ಕೋಡ್ ಬಂತೆಂದು ಬೋರ್ಡ್ ಬದಲಿಸಬೇಡಿ: ಅಡುಗೆಮನೆ ಯಂತ್ರಗಳ ಎರರ್ ಹುಡುಕುವ ಕ್ರಮ

ಇಂಡಕ್ಷನ್ ಒಲೆ ಟೀಂ ಟೀಂ ಅಂದು ನಿಲ್ಲುತ್ತದೆ. ಪರದೆಯಲ್ಲಿ ಇ-1 ಅಂತಲೋ ಇ-3 ಅಂತಲೋ ಮಿನುಗುತ್ತದೆ. ಮನೆಯವರು ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ. ಮತ್ತೆ ಆಫ್, ಮತ್ತೆ ಆನ್. ಐದಾರು ಸಲ ಆದಮೇಲೆ ಕೋಡ್ ಹೋಗುತ್ತದೆ, ಅದರ ಜೊತೆ ಒಲೆಯೂ ಹೋಗುತ್ತದೆ. ಆಗ ನನಗೆ ಫೋನ್ ಬರುತ್ತದೆ.

ನಾನು ಕುಮಟಾದಲ್ಲಿ ಇಂಥ ಯಂತ್ರಗಳ ರಿಪೇರಿ ಮಾಡುವವನು. ಕಾರವಾರದ ಕೋಡಿಬಾಗದಿಂದ ಹಿಡಿದು ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ಹಳ್ಳಿಗಳವರೆಗೆ ಓಡಾಡುತ್ತೇನೆ. ಎಲ್ಲಿ ಹೋದರೂ ಜನ ಎಡವುವುದು ಒಂದೇ ಕಡೆ. ಕೋಡ್ ಅಂದರೆ ಕೆಟ್ಟ ಭಾಗದ ಹೆಸರು ಅಂದುಕೊಳ್ಳುತ್ತಾರೆ. ಅದು ಯಂತ್ರದ ದೂರು, ಅಷ್ಟೇ. ಮಗು ಹೊಟ್ಟೆ ಹಿಡಿದುಕೊಂಡು ಅತ್ತರೆ ಯಾವಾಗಿಂದ, ಏನು ತಿಂದೆ ಅಂತ ಕೇಳುತ್ತೇವೆ ಅಲ್ವಾ? ಇಲ್ಲೂ ಹಾಗೇ. ಕೋಡ್ ಯಾವ ನಂಬರ್ ಅನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ ಅನ್ನುವುದು ಜಾಸ್ತಿ ಹೇಳುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದನ್ನು ಬಿಟ್ಟು ಮುಂದಕ್ಕೆ ಹಾರಿದರೆ ದುಡ್ಡು ಹೋಗುತ್ತದೆ.

ಬೇಕಾಗುವ ಸಾಮಾನು

ಕ್ಯಾಮೆರಾ ಇರುವ ಫೋನ್. ಒಂದು ಟಾರ್ಚ್. ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಸಣ್ಣ ಆಯಸ್ಕಾಂತ. ಬಣ್ಣ ಹಚ್ಚುವ ಮೆತ್ತನೆಯ ಒಣ ಬ್ರಷ್. ಹಳೇ ಟೂತ್‌ಬ್ರಷ್. ಇಷ್ಟು ಮನೆಯಲ್ಲೇ ಇರುತ್ತದೆ.

ಕೊಳ್ಳಬೇಕಾದ್ದು ಒಂದೇ: ಸಾಕೆಟ್‌ಗೆ ನೇರವಾಗಿ ಚುಚ್ಚುವ ಡಿಜಿಟಲ್ ವೋಲ್ಟ್‌ಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಮಲ್ಟಿಮೀಟರ್ ಬಳಸಲು ಬರುವವರು ಅದನ್ನೇ ಬಳಸಿ. ಬರದವರು ಸಾಕೆಟ್‌ನಲ್ಲಿ ಅದರ ಕಡ್ಡಿ ಇಡಲು ಹೋಗಬೇಡಿ. ಟೆಸ್ಟರ್ ಸಾಲದೇ ಅಂತ ಕೇಳುತ್ತಾರೆ. ಸಾಲದು. 150 ವೋಲ್ಟ್ ಇದ್ದರೂ ಟೆಸ್ಟರ್ ದೀಪ ಉರಿಯುತ್ತದೆ, 230 ಇದ್ದರೂ ಉರಿಯುತ್ತದೆ.

ಸ್ಕ್ರೂ ಡ್ರೈವರ್ ಈ ಪಟ್ಟಿಯಲ್ಲಿ ಇಲ್ಲ. ಮರೆತು ಬಿಟ್ಟದ್ದಲ್ಲ. ಇಲ್ಲಿ ಹೇಳುವ ಯಾವ ಕೆಲಸಕ್ಕೂ ಯಂತ್ರವನ್ನು ಬಿಚ್ಚಬೇಕಾಗಿಲ್ಲ.

ಹಂತ 1: ಆಫ್ ಮಾಡುವ ಮುಂಚೆ ಫೋಟೋ ತೆಗೆಯಿರಿ

ಸುಟ್ಟ ವಾಸನೆ, ಹೊಗೆ, ಕಿಡಿ, ನೀರಿನ ಸೋರಿಕೆ ಯಾವುದಾದರೂ ಇದ್ದರೆ ಮೊದಲು ಗೋಡೆಯ ಸ್ವಿಚ್ ಬೋರ್ಡಿನಲ್ಲಿ ಆಫ್ ಮಾಡಿ. ಉಳಿದದ್ದೆಲ್ಲ ಆಮೇಲೆ.

ಅವೇನೂ ಇಲ್ಲದಿದ್ದರೆ ಕೈಯನ್ನು ಸ್ವಿಚ್ಚಿಗೆ ಒಯ್ಯುವ ಮೊದಲು ಪರದೆಯ ಫೋಟೋ ತೆಗೆಯಿರಿ. ಬಹಳಷ್ಟು ಯಂತ್ರಗಳು ಕರೆಂಟ್ ಹೋದ ಕೂಡಲೇ ಕೋಡನ್ನು ಮರೆತುಬಿಡುತ್ತವೆ. ಫ್ರಿಜ್‌ನಲ್ಲಿ ಅಂಕೆಯ ಬದಲು ಸಣ್ಣ ದೀಪ ಮಿನುಗುತ್ತಿದ್ದರೆ ಒಂದು ನಿಮಿಷ ವಿಡಿಯೋ ಮಾಡಿ. ಎಷ್ಟು ಸಲ ಮಿನುಗಿ ಎಷ್ಟು ಹೊತ್ತು ಸುಮ್ಮನಿರುತ್ತದೆ ಅನ್ನುವುದೇ ಅಲ್ಲಿ ಕೋಡ್. ನಾಲ್ಕಾ ಐದಾ ಅಂತ ಬಾಯಲ್ಲಿ ಎಣಿಸುವಾಗ ತಪ್ಪುವವರೇ ಹೆಚ್ಚು.

ಆಮೇಲೆ ಮೂರು ವಿಷಯ ಬರೆದಿಡಿ: ಎಷ್ಟು ಗಂಟೆಗೆ ಬಂತು, ಯಂತ್ರ ಶುರುವಾಗಿ ಎಷ್ಟು ಹೊತ್ತಿಗೆ ಬಂತು, ಆಗ ಹೊರಗೆ ಮಳೆ ಗುಡುಗು ಇತ್ತಾ. ಮುಂದಿನ ಹಂತಗಳಲ್ಲಿ ಈ ಮೂರು ಸಾಲುಗಳು ನೂರು ಸಲ ಉಪಯೋಗಕ್ಕೆ ಬರುತ್ತವೆ.

ಹಂತ 2: ಅದು ನಿಜಕ್ಕೂ ಎರರ್ ಹೌದಾ?

ಇದನ್ನು ಕೇಳಿಕೊಳ್ಳದೆ ಕರೆಯುವವರು ತುಂಬಾ ಜನ. ಇಂಡಕ್ಷನ್ ಆಫ್ ಮಾಡಿದ ಮೇಲೆ ಎಚ್ ಅನ್ನುವ ಅಕ್ಷರ ಕಂಡರೆ ಗಾಜು ಇನ್ನೂ ಬಿಸಿ ಇದೆ, ಮುಟ್ಟಬೇಡಿ ಅಂತ ಅರ್ಥ. ತಣ್ಣಗಾದಾಗ ತಾನೇ ಹೋಗುತ್ತದೆ. ಎಲ್ ಅಥವಾ ಎಲ್‌ಓಸಿ ಅಂತ ಬಂದು ಯಾವ ಬಟನ್ನೂ ಕೆಲಸ ಮಾಡದಿದ್ದರೆ ಮಕ್ಕಳ ಲಾಕ್ ಬಿದ್ದಿದೆ. ಬೀಗದ ಚಿತ್ರ ಇರುವ ಬಟನ್ನನ್ನು ಮೂರು ಸೆಕೆಂಡು, ಕೆಲವದರಲ್ಲಿ ಐದು ಸೆಕೆಂಡು ಒತ್ತಿ ಹಿಡಿಯಿರಿ.

ಫ್ರಿಜ್‌ನಲ್ಲೂ ಒಂದು ಮೋಸ ಇದೆ. ಅಂಗಡಿಯಲ್ಲಿ ತೋರಿಸಲು ಇಡುವ ಡೆಮೊ ಮೋಡ್‌ನಲ್ಲಿ ದೀಪ ಉರಿಯುತ್ತದೆ, ಪರದೆ ಹೊಳೆಯುತ್ತದೆ, ತಂಪು ಮಾತ್ರ ಆಗುವುದಿಲ್ಲ. ಎಲ್‌ಜಿಯ ಹಲವು ಮಾದರಿಗಳಲ್ಲಿ ಪರದೆ ಮೇಲೆ ಆಫ್ ಅಂತ, ಸ್ಯಾಮ್‌ಸಂಗ್‌ನ ಕೆಲವದರಲ್ಲಿ ಓಎಫ್ ಓಎಫ್ ಅಂತ ಬರುವುದು ಇದಕ್ಕೇ. ಒರೆಸುವಾಗ ಎರಡು ಬಟನ್ ಒಟ್ಟಿಗೆ ಒತ್ತಿಹೋದರೂ ಹೀಗಾಗಬಹುದು. ಬಿಡಿಸುವ ಬಟನ್ ಜೋಡಿ ಯಾವುದು ಅಂತ ಕೈಪಿಡಿಯಲ್ಲಿರುತ್ತದೆ.

ಇನ್ನೊಂದು ಸಣ್ಣ ಮಾತು. ಕಡ್ಡಿ ಜೋಡಿಸಿದಂಥ ಆ ಅಂಕೆಗಳಲ್ಲಿ 5 ಮತ್ತು ಎಸ್ ಒಂದೇ ಥರ ಕಾಣುತ್ತವೆ. ಸೊನ್ನೆ ಮತ್ತು ಓ ಕೂಡ. ಕೈಪಿಡಿಯಲ್ಲಿ 5ಇ ಸಿಗದಿದ್ದರೆ ಎಸ್‌ಇ ಹುಡುಕಿ.

ಹಂತ 3: ನಿಮ್ಮ ಮಾದರಿಯ ಪಟ್ಟಿಯನ್ನೇ ನೋಡಿ

ಇ-2 ಅಂದರೆ ಎಲ್ಲ ಕಂಪನಿಗೂ ಒಂದೇ ಅರ್ಥ ಅಂತ ತಿಳಿಯಬೇಡಿ. ಒಂದು ಇಂಡಕ್ಷನ್‌ನಲ್ಲಿ ಅದು ವೋಲ್ಟೇಜ್ ಬಗ್ಗೆ, ಇನ್ನೊಂದರಲ್ಲಿ ಶಾಖದ ಸೆನ್ಸರ್ ಬಗ್ಗೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೇ ಬೇರೆ ಬೇರೆ ಇರುವುದೂ ಉಂಟು. ಯಾವುದೋ ವಿಡಿಯೋ ನೋಡಿ ಇ-3ಗೆ ಸೆನ್ಸರ್ ತರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಅವರ ಒಲೆಯಲ್ಲಿ ಇ-3 ಅಂದರೆ ವೋಲ್ಟೇಜ್ ಜಾಸ್ತಿ ಅಂತಿತ್ತು.

ಕೈಪಿಡಿ ಕಳೆದುಹೋಗಿದೆಯಾ? ಇಂಡಕ್ಷನ್‌ನ ಅಡಿಯಲ್ಲಿ, ಮೈಕ್ರೋವೇವ್‌ನ ಹಿಂದೆ ಅಥವಾ ಬಾಗಿಲ ಒಳ ಅಂಚಿನಲ್ಲಿ, ಫ್ರಿಜ್‌ನ ಒಳಗೋಡೆಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರ ಫೋಟೋ ತೆಗೆದು, ಪೂರ್ತಿ ಮಾದರಿ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ಕೈಪಿಡಿ ಸಿಗುತ್ತದೆ. ನಮ್ಮ ಕರಾವಳಿ ಹವೆಗೆ ಈ ಸ್ಟಿಕ್ಕರ್ ಎರಡು ಮೂರು ಮಳೆಗಾಲದಲ್ಲಿ ಅಳಿಸಿಹೋಗುತ್ತದೆ. ಹೊಸದು ತಂದ ದಿನವೇ ಫೋಟೋ ತೆಗೆದಿಡಿ.

ಹಂತ 4: ಕರೆಂಟ್ ನೋಡಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನನ್ನ ಕೈಗೆ ಬರುವ ದೂರುಗಳಲ್ಲಿ ಯಂತ್ರದ ತಪ್ಪೇ ಇಲ್ಲದವು ಹೆಚ್ಚಾಗಿ ಇಲ್ಲೇ ಸಿಗುತ್ತವೆ.

ಶಿರಸಿ ಹತ್ತಿರದ ಒಂದು ತೋಟದ ಮನೆ. ಅಲ್ಲಿನ ಅಮ್ಮ ಫೋನ್ ಮಾಡಿ, "ತಮಾ, ಬೆಳಿಗ್ಗೆ ಚಾ ಕಾಯಿಸುವಾಗ ಏನೂ ಇಲ್ಲ. ಸಂಜೆ ಏಳು ಗಂಟೆ ಆಯ್ತೋ, ಈ ಒಲೆಗೆ ಜ್ವರ ಬರ್ತದೆ ನೋಡು" ಅಂದರು. ಎರಡು ಸಲ ಯಾರೋ ಬಂದು ಒಲೆಯೊಳಗಿನ ಸರ್ಕ್ಯೂಟ್ ಬೋರ್ಡ್ ಬದಲಿಸಬೇಕು ಅಂದಿದ್ದರಂತೆ. ನಾನು ಬೇಕೆಂದೇ ಸಂಜೆ ಹೋದೆ. ವೋಲ್ಟ್‌ಮೀಟರ್ ಚುಚ್ಚಿದರೆ 188. ಒಲೆ ಹಚ್ಚಿದ ಕೂಡಲೇ 171. ಅಲ್ಲಿಗೆ ಇ-1. ಆ ಮಾದರಿಯಲ್ಲಿ ಇ-1 ಅಂದರೆ ವೋಲ್ಟೇಜ್ ಕಡಿಮೆ. ಯಂತ್ರ ಸರಿಯಾಗೇ ಹೇಳುತ್ತಿತ್ತು, ಕೇಳುವವರು ಬೆಳಗಿನ ಹೊತ್ತಲ್ಲಿ ಬಂದು ಹೋಗುತ್ತಿದ್ದರು.

ನೋಡುವ ಕ್ರಮ ಹೀಗೆ. ಕೋಡ್ ಬರುವ ಹೊತ್ತಿನಲ್ಲೇ, ಯಂತ್ರ ಆಫ್ ಇರುವಾಗ ವೋಲ್ಟೇಜ್ ನೋಡಿ. ಆಮೇಲೆ ಪಕ್ಕದ ಸಾಕೆಟ್‌ನಲ್ಲಿ ಮೀಟರ್ ಇಟ್ಟುಕೊಂಡು, ಯಂತ್ರ ಓಡುತ್ತಿರುವಾಗ ನೋಡಿ. ಬರಬೇಕಾದ್ದು 230 ವೋಲ್ಟ್. ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಎರಡೂ ಸಲ ಕಡಿಮೆ ಇದ್ದರೆ ತೊಂದರೆ ಲೈನಿನಲ್ಲಿದೆ. ಪಕ್ಕದ ಮನೆಯಲ್ಲೂ ಹಾಗೇನಾ ಅಂತ ಕೇಳಿ, ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ದೂರು ಕೊಡಿ. ಅಲ್ಲಿಯವರೆಗೆ ಇಂಡಕ್ಷನ್ನನ್ನು 2000 ವ್ಯಾಟ್‌ನಲ್ಲಿ ಓಡಿಸದೆ 800 ಅಥವಾ 1000ಕ್ಕೆ ಇಳಿಸಿ ನೋಡಿ. ಎಳೆಯುವ ಕರೆಂಟ್ ಕಡಿಮೆಯಾದರೆ ವೋಲ್ಟೇಜ್ ಅಷ್ಟು ಕುಸಿಯುವುದಿಲ್ಲ.

ಆಫ್ ಇದ್ದಾಗ 225 ಇದ್ದು, ಒಲೆ ಹಚ್ಚಿದಾಗ ಪಟ್ಟನೆ 190ಕ್ಕೆ ಇಳಿದರೆ ಮನೆಯೊಳಗಿನ ವೈರಿಂಗ್ ಅಥವಾ ಎಲ್ಲೋ ಸಡಿಲ ಜೋಡಣೆ ಕಾರಣ ಇರಬಹುದು. 2000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೇಕಾದ್ದು 16 ಆಂಪಿಯರ್‌ನ ದೊಡ್ಡ ಸಾಕೆಟ್. ಟಿವಿಗೆ ತಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಪ್ಲಗ್ಗಿನ ಪಿನ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಹತ್ತು ನಿಮಿಷ ಅಡುಗೆ ಮಾಡಿ, ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು ಅದರ ಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಸಾಕೆಟ್ ಬದಲಿಸುವವರೆಗೆ ಬಳಸಬೇಡಿ. ಫ್ರಿಜ್‌ಗೆ ಇರುವ ಸ್ಟೆಬಿಲೈಸರ್‌ಗೆ ಇಂಡಕ್ಷನ್ ಹಾಕುವುದು ಇನ್ನೂ ಕೆಟ್ಟ ಉಪಾಯ. ಆ ಭಾರ ಹೊರಲು ಅದನ್ನು ಮಾಡಿಲ್ಲ.

ತಕ್ಷಣ ಮೇನ್ ಸ್ವಿಚ್ ಆಫ್ ಮಾಡಬೇಕಾದ ಲಕ್ಷಣವೂ ಒಂದಿದೆ. ಗಾಳಿ ಮಳೆಯಲ್ಲಿ ತೆಂಗಿನ ಹೆಡೆ ತಂತಿ ಮೇಲೆ ಬಿದ್ದಾಗ ಕೆಲವು ಸಲ ನ್ಯೂಟ್ರಲ್ ತಂತಿ ಮಾತ್ರ ಕಡಿದುಹೋಗುತ್ತದೆ. ಆಗ ಕೆಲವು ಮನೆಗಳಿಗೆ 300 ವೋಲ್ಟ್‌ಗಿಂತ ಜಾಸ್ತಿ ಬರಬಹುದು. ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗುವುದು, ಬಲ್ಬ್ ಕಣ್ಣು ಕುಕ್ಕುವಂತೆ ಉರಿಯುವುದು, ಒಂದು ಕೋಣೆಯ ದೀಪ ಹಚ್ಚಿದರೆ ಇನ್ನೊಂದರದ್ದು ಮಂಕಾಗುವುದು, ಇವೇ ಗುರುತು. ಯಾವ ಕೋಡ್ ಅಂತ ನೋಡುತ್ತ ನಿಲ್ಲಬೇಡಿ. ಮೇನ್ ತೆಗೆದು 1912ಕ್ಕೆ ಫೋನ್ ಮಾಡಿ. ಹರಿದ ತಂತಿಯ ಹತ್ತಿರ ಹೋಗಲೇಬೇಡಿ.

ಹಂತ 5: ಸರಿಯಾಗಿ ರೀಸೆಟ್ ಮಾಡಿ, ಒಂದೇ ಸಲ

ಕರೆಂಟ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ ರೀಸೆಟ್. ಯಂತ್ರದ ಬಟನ್ ಒತ್ತಿದರೆ ರೀಸೆಟ್ ಆಗುವುದಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿದು, ಕಂಟ್ರೋಲ್ ಬೋರ್ಡ್ ಹೊಸದಾಗಿ ಶುರುವಾಗಲು ಅಷ್ಟು ಸಾಕು. ಇಂಡಕ್ಷನ್ ಬಿಸಿಯಾಗಿದ್ದರೆ ಅಡುಗೆ ಮುಗಿದ ಮೇಲೂ ಫ್ಯಾನ್ ತಿರುಗಲು ಬಿಡಿ, ಅದು ನಿಂತ ಮೇಲೆ ಪ್ಲಗ್ ತೆಗೆಯಿರಿ.

ಫ್ರಿಜ್‌ನ ವಿಷಯದಲ್ಲಿ ಆತುರ ಮಾಡಲೇಬಾರದು. ಕಂಪ್ರೆಸರ್ ನಿಂತ ತಕ್ಷಣ ಒಳಗೆ ಒತ್ತಡ ಒಂದು ಕಡೆ ಉಳಿದಿರುತ್ತದೆ. ಕನಿಷ್ಠ ಐದು ನಿಮಿಷ ಬಿಡದೆ ಮತ್ತೆ ಹಾಕಿದರೆ ಅದು ಎದ್ದೇಳಲು ಒದ್ದಾಡುತ್ತದೆ.

ಕೋಡ್ ಮತ್ತೆ ಬಂದರೆ ಎರಡನೇ ಸಲ ರೀಸೆಟ್ ಮಾಡಬೇಡಿ. ಪ್ಲಗ್ ಹಾಕಿದ ಕೂಡಲೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಟಪ್ ಅಂತ ಬಿದ್ದರಂತೂ ಒಳಗೆ ಶಾರ್ಟ್ ಆಗಿದೆ ಅಂತಲೇ ಲೆಕ್ಕ. ಎಂಸಿಬಿ ಎತ್ತಿ ಎತ್ತಿ ನೋಡುವುದು ಧೈರ್ಯವೇನಲ್ಲ.

ಹಂತ 6: ಇಂಡಕ್ಷನ್. ಕೋಡ್ ಬಂದ ಹೊತ್ತು ನೋಡಿ

*ಪಾತ್ರೆ ಇಟ್ಟ ಕೂಡಲೇ ಬಂದರೆ.* ಮೊದಲು ಪಾತ್ರೆ ನೋಡಿ. ಹಲವು ಮಾದರಿಗಳಲ್ಲಿ ಇ-0 ಅಂದರೆ ಪಾತ್ರೆ ಇಲ್ಲ ಅಥವಾ ಸರಿಯಾದ ಪಾತ್ರೆ ಅಲ್ಲ ಅಂತ. ಆಯಸ್ಕಾಂತವನ್ನು ತಳಕ್ಕೆ ಅಂಟಿಸಿ. ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಿಂಡಾಲಿಯಂ, ತಾಮ್ರ, ಹಿತ್ತಾಳೆಗೆ ಅಂಟುವುದಿಲ್ಲ. ಸ್ಟೀಲ್ ಎಲ್ಲ ಒಂದೇ ಅಲ್ಲ. ಕೆಲವು ಒಳ್ಳೆಯ ಸ್ಟೀಲ್ ತಪ್ಪಲೆಗಳಿಗೂ ಆಯಸ್ಕಾಂತ ಅಂಟುವುದಿಲ್ಲ, ಅವು ಇಂಡಕ್ಷನ್‌ಗೆ ಆಗುವುದಿಲ್ಲ. ಅಂಟಿದರೂ ತಳ ತೀರಾ ಚಿಕ್ಕದಾದರೆ, ಅಂದರೆ ಒಂದು ಗೇಣಿಗಿಂತ ಬಹಳ ಕಡಿಮೆ ಇದ್ದರೆ, ಒಲೆಗೆ ಗೊತ್ತಾಗದೇ ಹೋಗಬಹುದು. ಒಗ್ಗರಣೆ ಸೌಟು ಇಟ್ಟು ಇ-0 ಬಂತು ಅಂತ ಕರೆದವರೂ ಇದ್ದಾರೆ.

ಸರಿಯಾದ ಪಾತ್ರೆ ಇಟ್ಟರೂ, ತಣ್ಣಗಿನ ಒಲೆಯಲ್ಲೂ, ಆನ್ ಮಾಡಿದ ಎರಡು ಸೆಕೆಂಡಿಗೇ ಸೆನ್ಸರ್ ಕೋಡ್ ಬಂದರೆ ಗಾಜಿನ ಕೆಳಗಿರುವ ಶಾಖದ ಸೆನ್ಸರ್ ಅಥವಾ ಅದರ ವೈರ್ ಹೋಗಿರುವ ಸಾಧ್ಯತೆ ಜಾಸ್ತಿ. ಇದು ಮೆಕ್ಯಾನಿಕ್ ಕೆಲಸ. ಆದರೆ ಸೆನ್ಸರ್ ಅಗ್ಗದ ಭಾಗ, ಬೋರ್ಡ್ ದುಬಾರಿ. ನೆನಪಿಟ್ಟುಕೊಳ್ಳಿ.

*ಹತ್ತು ಹದಿನೈದು ನಿಮಿಷ ಓಡಿ ಬಂದರೆ.* ಗಾಳಿ ಸಾಲುತ್ತಿಲ್ಲ. ಒಲೆಯನ್ನು ಹಚ್ಚಿ, ಹಿಂಭಾಗದ ಕಿಂಡಿಯ ಹತ್ತಿರ ತೆಳು ಕಾಗದದ ಚೂರು ಹಿಡಿಯಿರಿ. ಅದು ಹಾರಾಡಬೇಕು. ಹಾರದಿದ್ದರೆ ಫ್ಯಾನ್ ತಿರುಗುತ್ತಿಲ್ಲ ಅಥವಾ ಕಿಂಡಿ ಕಟ್ಟಿದೆ.

ಪ್ಲಗ್ ಕಿತ್ತು, ಒಲೆ ತಣ್ಣಗಾದ ಮೇಲೆ, ಮಗುಚಿ ಟಾರ್ಚ್ ಬಿಟ್ಟು ನೋಡಿ. ಕಳೆದ ಮಳೆಗಾಲ ಅಂಕೋಲೆಯ ಒಂದು ಮನೆಯಲ್ಲಿ ಹೀಗೆ ಮಗುಚಿದಾಗ ಫ್ಯಾನಿನ ಮೂರು ರೆಕ್ಕೆಗಳ ನಡುವೆ ಒಂದು ಒಣಗಿದ ಹಲ್ಲಿ ಸಿಕ್ಕಿಕೊಂಡಿತ್ತು. ಅದರ ಸುತ್ತ ಒಗ್ಗರಣೆಯ ಎಣ್ಣೆ ಹೊಗೆ, ಹಿಟ್ಟಿನ ಧೂಳು ಸೇರಿ ಕಂದು ಅಂಟು ಕಟ್ಟಿತ್ತು. ರೆಕ್ಕೆ ಅರ್ಧ ಇಂಚು ಅಲುಗಿ ಮತ್ತೆ ಹಿಂದಕ್ಕೆ ಬರುತ್ತಿತ್ತು. ಇಕ್ಕಳದಿಂದ ಹಲ್ಲಿ ಎತ್ತಿ, ಬ್ರಷ್ ಆಡಿಸಿದ್ದು ಬಿಟ್ಟರೆ ನಾನೇನೂ ಮಾಡಲಿಲ್ಲ. ಅವರು ಹೊಸ ಒಲೆಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದರು.

ಹೊರಗಿನಿಂದ ಸಿಗುವಷ್ಟು ಕಸವನ್ನು ಒಣ ಬ್ರಷ್‌ನಿಂದ ತೆಗೆಯಿರಿ. ನೀರು ಬೇಡ, ಎಣ್ಣೆ ಸ್ಪ್ರೇ ಬೇಡ, ಇರುವೆ ಪುಡಿ ಖಂಡಿತ ಬೇಡ.

ಇನ್ನು ಜನ ಮಾಡುವ ತಪ್ಪು: ಒಲೆಯ ಕೆಳಗೆ ಪೇಪರ್ ಅಥವಾ ಪ್ಲಾಸ್ಟಿಕ್ ಹಾಳೆ ಹಾಸುವುದು. ಗಾಳಿ ಎಳೆಯುವ ಫ್ಯಾನ್ ತಳದಲ್ಲೇ ಇರುತ್ತದೆ. ಅದು ಹಾಳೆಯನ್ನು ಮೇಲಕ್ಕೆಳೆದು ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಗೋಡೆಯಿಂದ ಒಂದು ಅಂಗೈ ದೂರ ಇಡಿ. ಗ್ಯಾಸ್ ಒಲೆಯ ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ಹಚ್ಚಬೇಡಿ. ಸುಟ್ಟು ತಳ ಉಬ್ಬಿದ ದೋಸೆ ಬಂಡಿ, ಅಂದರೆ ಕಾವಲಿಯೂ ಇದೇ ಕೋಡ್ ತರಿಸುತ್ತದೆ, ಏಕೆಂದರೆ ಸೆನ್ಸರ್ ಇರುವ ನಡುಭಾಗಕ್ಕೆ ಅದು ಸರಿಯಾಗಿ ಕೂರುವುದಿಲ್ಲ.

*ಗಾಜು ಬಿರುಕು ಬಿಟ್ಟಿದ್ದರೆ* ಕೋಡ್ ಇರಲಿ ಬಿಡಲಿ, ಬಳಸಬೇಡಿ. ಉಕ್ಕಿದ ಗಂಜಿ ಆ ಗೆರೆಯಿಂದ ಇಳಿದು ನೇರ ಕರೆಂಟ್ ಇರುವ ಭಾಗಕ್ಕೆ ಹೋಗುತ್ತದೆ. ಟೇಪ್ ಹಚ್ಚಿದರೂ ಅಷ್ಟೇ.

ಹಂತ 7: ಫ್ರಿಜ್

ಫ್ರಿಜ್ ಕೋಡ್‌ಗಳಲ್ಲಿ ಮನೆಯವರ ಕೈಗೆ ಸಿಗುವುದು ಹೆಚ್ಚಾಗಿ ಒಂದೇ, ಐಸ್ ಕಟ್ಟಿ ಫ್ಯಾನ್ ನಿಂತದ್ದು. ಎಲ್‌ಜಿಯಲ್ಲಿ ಇಆರ್ ಎಫ್‌ಎಫ್ ಅಂದರೆ ಫ್ರೀಜರ್ ಫ್ಯಾನ್ ದೂರು, ಇಆರ್ ಡಿಎಚ್ ಅಂದರೆ ಐಸ್ ಕರಗಿಸುವ ಹೀಟರ್ ಕಡೆಯ ದೂರು. ಬೇರೆ ಕಂಪನಿಗಳಲ್ಲಿ ಹೆಸರು ಬೇರೆ, ಕಥೆ ಅದೇ. ಫ್ರೀಜರ್‌ನ ಹಿಂದಿನ ಗೋಡೆ ಮೇಲೆ ಬಿಳಿ ಹಿಮ ದಪ್ಪಗೆ ಕೂತಿದ್ದರೆ, ಕಿರ್ ಕಿರ್ ಸದ್ದು ಬಂದು ನಿಂತಿದ್ದರೆ, ಮೇಲೆ ಗಟ್ಟಿ ಐಸ್ ಇದ್ದೂ ಕೆಳಗೆ ಹಾಲು ಒಡೆಯುತ್ತಿದ್ದರೆ ಇದೇ ಅಂತ ತಿಳಿಯಿರಿ.

ಮಾಡಬೇಕಾದ್ದು: ಎಲ್ಲ ಸಾಮಾನು ತೆಗೆಯಿರಿ. ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದಿಡಿ, ಕೆಳಗೆ ಹಳೇ ಬಟ್ಟೆ ಹಾಸಿ. ಒಂದು ರಾತ್ರಿ ಪೂರ್ತಿ ಬೇಕು, ಹಿಮ ದಪ್ಪ ಇದ್ದರೆ ಒಂದು ದಿನ. ಹೊರಗೆ ಕಾಣುವ ಹಿಮ ಕರಗಿದ ಮಾತ್ರಕ್ಕೆ ಮುಗಿಯಲಿಲ್ಲ, ಪ್ಯಾನೆಲ್‌ನ ಹಿಂದೆ ಇರುವುದೂ ಕರಗಬೇಕು. ಚಾಕು, ಸ್ಕ್ರೂ ಡ್ರೈವರ್ ಹಾಕಿ ಕೆತ್ತಬೇಡಿ. ಗ್ಯಾಸ್ ಕೊಳವೆಗೆ ಒಂದು ತೂತು ಬಿದ್ದರೆ ಫ್ರಿಜ್ ಕಥೆ ಮುಗಿಯಿತು.

ಹೀಗೆ ಮಾಡಿದ ಮೇಲೆ ತಿಂಗಳುಗಟ್ಟಲೆ ಸರಿ ಇದ್ದರೆ ತೊಂದರೆ ಬಾಗಿಲಿನದ್ದು. ಎರಡು ವಾರದಲ್ಲಿ ಕೋಡ್ ಮರಳಿದರೆ ಹೀಟರ್, ಸೆನ್ಸರ್ ಅಥವಾ ಫ್ಯಾನಿನದ್ದು, ಮೆಕ್ಯಾನಿಕ್ ಕರೆಯಿರಿ. ಬಾಗಿಲು ನೋಡುವುದು ಸುಲಭ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿಬಂದ ಜಾಗದಲ್ಲಿ ರಬ್ಬರ್ ಕೂರುತ್ತಿಲ್ಲ. ಸೋಪು ನೀರಲ್ಲಿ ಟೂತ್‌ಬ್ರಷ್ ಅದ್ದಿ ರಬ್ಬರಿನ ಮಡಿಕೆ ತಿಕ್ಕಿ. ಅರ್ಧ ಕೇಸುಗಳು ಅಲ್ಲೇ ಸರಿಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ಒದ್ದೆ. ಆ ಸಂದಿಯಿಂದ ನುಗ್ಗಿದ ತೇವವೇ ಹಿಮ ಆಗುವುದು.

ಮತ್ತೆ, ಬಂಗಡೆ ಅಗ್ಗ ಸಿಕ್ಕಿತು ಅಂತ ಫ್ರೀಜರ್ ತುಂಬ ತುರುಕುವಾಗ ಹಿಂದಿನ ಗಾಳಿ ಕಿಂಡಿ ಬಿಟ್ಟು ತುರುಕಿ.

ಕೋಡ್ ಹುಡುಕುವ ಗಡಿಬಿಡಿಯಲ್ಲಿ ಊಟ ಮರೆಯಬೇಡಿ. ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಅದಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದರೆ ಮೀನು, ಹಾಲು, ಬೇಯಿಸಿದ ಪದಾರ್ಥಗಳನ್ನು ಮೂಸಿ ನೋಡಿ ನಿರ್ಧರಿಸಬೇಡಿ, ಎಸೆಯಿರಿ.

ಫ್ರಿಜ್ ಮುಟ್ಟಿದರೆ ಕೈಗೆ ಜುಂ ಅನ್ನುತ್ತದಾ? ಅದಕ್ಕೆ ಕೋಡ್ ಬರುವುದಿಲ್ಲ, ಆದರೆ ಎಲ್ಲ ಕೋಡ್‌ಗಿಂತ ದೊಡ್ಡ ಎಚ್ಚರಿಕೆ ಅದು. ಅರ್ಥಿಂಗ್ ಹೋಗಿದೆ ಅಥವಾ ಕರೆಂಟ್ ಮೈಗೆ ಸೋರುತ್ತಿದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟಬೇಡಿ. ಎಲೆಕ್ಟ್ರಿಷಿಯನ್ ಬರುವವರೆಗೆ ಅದರ ಎಂಸಿಬಿ ಇಳಿಸಿಡಿ.

ಹಂತ 8: ಮೈಕ್ರೋವೇವ್, ಪಾತ್ರೆ ತೊಳೆಯುವ ಯಂತ್ರ

ಮೈಕ್ರೋವೇವ್‌ನ ಹೊರ ಕವಚ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಹೈ ವೋಲ್ಟೇಜ್ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿಯಬಹುದು. ಟಿವಿ ರಿಪೇರಿ ಬರುತ್ತದೆ ಅನ್ನುವ ಹುಡುಗರಿಗೂ ಇದೇ ಮಾತು.

ಮಳೆಗಾಲದಲ್ಲಿ ಜಾಸ್ತಿ ಬರುವುದು ಬಟನ್ ಕೋಡ್. ಸ್ಯಾಮ್‌ಸಂಗ್‌ನಲ್ಲಿ ಎಸ್‌ಇ ಅಂತ ಬರುತ್ತದೆ. ಯಾರೂ ಮುಟ್ಟದಿದ್ದರೂ ಯಾವುದೋ ಬಟನ್ ಒತ್ತಿದಂತೆ ಅದಕ್ಕೆ ಅನ್ನಿಸುತ್ತಿದೆ. ಬಟನ್ ಹಾಳೆಯ ಪದರಗಳ ನಡುವೆ ತೇವ ಕೂತರೆ ಹೀಗಾಗುತ್ತದೆ. ಪ್ಲಗ್ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಟೇಬಲ್ ಫ್ಯಾನ್ ಗಾಳಿಗೆ ಒಂದು ದಿನ ಬಿಡಿ. ಮತ್ತೆ ಬಂದರೆ ಬಟನ್ ಹಾಳೆ ಬದಲಿಸಿದರೆ ಸಾಕಾಗಬಹುದು, ಬೋರ್ಡ್ ಅಂದ ಕೂಡಲೇ ಒಪ್ಪಬೇಡಿ. ಬಾಗಿಲ ಕೋಡ್ ಆದರೆ ಕೊಕ್ಕೆಯ ತೂತಲ್ಲಿ ಅನ್ನದ ಅಗುಳು ಸಿಕ್ಕಿದೆಯಾ ನೋಡಿ.

ಪಾತ್ರೆ ತೊಳೆಯುವ ಯಂತ್ರ ನಮ್ಮ ಕಡೆ ಇನ್ನೂ ಕಡಿಮೆ ಮನೆಗಳಲ್ಲಿದೆ. ಬಾಷ್‌ನಲ್ಲಿ ಇ-18 ಅಂದರೆ ನೀರು ಸಾಲುತ್ತಿಲ್ಲ, ಇ-24 ಅಂದರೆ ನೀರು ಹೊರಹೋಗುತ್ತಿಲ್ಲ, ಇ-15 ಅಂದರೆ ತಳದಲ್ಲಿ ನೀರು ಸೋರಿದೆ. ಮೊದಲನೆಯದಕ್ಕೆ ನಲ್ಲಿ ಮುಚ್ಚಿ, ಪೈಪ್ ಬಿಚ್ಚಿ, ಅದರ ಬಾಯಲ್ಲಿರುವ ಸಣ್ಣ ಜಾಲರಿ ತೊಳೆಯಿರಿ. ಮಳೆಗಾಲದ ಬಾವಿ ನೀರಿನ ಕೆಂಪು ಮಣ್ಣು ಅಲ್ಲಿ ಕೆಸರಾಗಿ ಕೂರುತ್ತದೆ. ಟ್ಯಾಂಕ್ ಅಡುಗೆಮನೆಗಿಂತ ಸ್ವಲ್ಪವೇ ಮೇಲಿದ್ದರೆ ಒತ್ತಡವೂ ಸಾಲುವುದಿಲ್ಲ. ಎರಡನೆಯದಕ್ಕೆ ಒಳಗಿನ ಫಿಲ್ಟರ್ ತೊಳೆದು, ನೀರು ಹೋಗುವ ಪೈಪ್ ಮಡಚಿದೆಯಾ ನೋಡಿ. ಮೂರನೆಯದಕ್ಕೆ ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಕಂಪನಿಗೆ ಫೋನ್ ಮಾಡಿ.

ಮಿಕ್ಸರ್‌ಗೆ ಕೋಡ್ ಇಲ್ಲ. ಅಕ್ಕಿ ರುಬ್ಬುವಾಗ ನಿಂತರೆ ಅಡಿಯಲ್ಲಿ ಒಂದು ಕೆಂಪು ಬಟನ್ ಇರುತ್ತದೆ. ಆಫ್ ಮಾಡಿ, ತಣಿಯಲು ಬಿಟ್ಟು, ಅದನ್ನು ಒತ್ತಿ. ಅದಕ್ಕಾಗಿ ನನ್ನನ್ನು ಘಟ್ಟ ಹತ್ತಿಸಬೇಡಿ!

ಹಂತ 9: ತೇವ ಮತ್ತು ಉಪ್ಪು ಗಾಳಿ

ಮಳೆ ಜೋರಾದಾಗ ಮಾತ್ರ ಬಂದು, ಬಿಸಿಲು ಬಿದ್ದ ದಿನ ಹೋಗುವ ಕೋಡ್ ತೇವದ್ದು. ಸಮುದ್ರದ ಕಡೆ ಕಿಟಕಿ ಇರುವ ಮನೆಗಳಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ಅಂಥ ಮನೆಯಿಂದ ಬಂದ ಬೋರ್ಡನ್ನು ದೀಪದ ಕೆಳಗೆ ಹಿಡಿದರೆ ಬಿಡಿಭಾಗಗಳ ಕಾಲುಗಳ ಸುತ್ತ ಹಸಿರು ಪುಡಿ ಕಾಣುತ್ತದೆ, ತೊಳೆಯದ ತಾಮ್ರದ ಚೊಂಬಿನ ಕಿಲುಬಿನ ಹಾಗೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ತೇವದಲ್ಲಿ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ.

ಒಣಗಿಸುವ ರೀತಿ: ಪ್ಲಗ್ ಇಲ್ಲದೆ, ಒಣ ಕೋಣೆಯಲ್ಲಿ, ಕಿಂಡಿಗಳಿಗೆ ಫ್ಯಾನ್ ಗಾಳಿ ಬೀಳುವಂತೆ ಇಡೀ ದಿನ ಇಡಿ. ಮಲೆನಾಡಿನ ಒಬ್ಬರು ಕೊಬ್ಬರಿ ಒಣಗಿಸುವ ಹಾಗೆ ಇಂಡಕ್ಷನ್ನನ್ನು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟಿದ್ದರು. ತೇವವೇನೋ ಹೋಗಿತ್ತು. ತಳದ ಪ್ಲಾಸ್ಟಿಕ್ ಹಪ್ಪಳದಂತೆ ಬಾಗಿತ್ತು, ಒಳಗೆಲ್ಲ ಇಲ್ಲಣ ತುಂಬಿತ್ತು.

ತಿಂಗಳುಗಟ್ಟಲೆ ಬೀಗ ಹಾಕಿದ ಮನೆಗೆ ಬಂದ ದಿನವೇ ಎಲ್ಲ ಯಂತ್ರ ಆನ್ ಮಾಡಬೇಡಿ. ಮೊದಲು ಒಣಗಿಸಿ, ಆಮೇಲೆ ಒಂದೊಂದಾಗಿ ಹಾಕಿ. ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬಿದ್ದರೆ ಯಾವ ಯಂತ್ರ ಹಾಕಿದಾಗ ಬಿತ್ತು ಅಂತ ಆಗ ಗೊತ್ತಾಗುತ್ತದೆ. ಬೀಳುತ್ತದೆ ಅಂತ ಇಎಲ್‌ಸಿಬಿಯನ್ನೇ ತೆಗೆಸಿ ನೇರ ಮಾಡಿಸಿಕೊಂಡವರಿದ್ದಾರೆ. ದಯವಿಟ್ಟು ಬೇಡ.

ಗುಡುಗು ಶುರುವಾದಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ. ಸಿಡಿಲು ಹತ್ತಿರ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ.

ಹಂತ 10: ಮೆಕ್ಯಾನಿಕ್‌ಗೆ ಏನು ಹೇಳಬೇಕು

"ಒಲೆ ಹಾಳಾಗಿದೆ, ಬನ್ನಿ" ಅಂದರೆ ನಾವು ಬರಿಗೈಯಲ್ಲಿ ಬಂದು ನೋಡಿ, ಸಾಮಾನು ತರಲು ವಾಪಸು ಹೋಗಿ, ಮತ್ತೆ ಬರಬೇಕು. ಎರಡು ಸಲದ ಓಡಾಟದ ದುಡ್ಡು ನಿಮ್ಮದೇ. ಅದರ ಬದಲು ಸ್ಟಿಕ್ಕರ್ ಫೋಟೋ, ಕೋಡ್ ಫೋಟೋ ಜೊತೆ ಹೀಗೆ ಒಂದು ಮೆಸೇಜ್ ಹಾಕಿ:

"ಇಂಡಕ್ಷನ್, ಮೂರು ವರ್ಷ ಹಳೆಯದು. ಇ-3 ಬರುತ್ತದೆ. ಹಚ್ಚಿ ಹನ್ನೆರಡು ನಿಮಿಷಕ್ಕೆ. ಓಡುವಾಗ ವೋಲ್ಟೇಜ್ 221. ಹಿಂದೆ ಗಾಳಿ ಬರುತ್ತಿಲ್ಲ. ಕಿಂಡಿ ಬ್ರಷ್ ಮಾಡಿದ್ದೇವೆ, ಆದರೂ ಬರುತ್ತದೆ."

ಇದನ್ನು ಓದಿದವರು ಫ್ಯಾನ್ ಹಿಡಿದುಕೊಂಡೇ ಬರುತ್ತಾರೆ.

ವಾರಂಟಿ ಇದ್ದರೆ ಕಂಪನಿಯವರನ್ನೇ ಕರೆಯಿರಿ, ಬೇರೆಯವರ ಕೈಯಲ್ಲಿ ಬಿಚ್ಚಿಸಬೇಡಿ. ಬಂದವರು ನೋಡಿದ ಕೂಡಲೇ ಬೋರ್ಡ್ ಹೋಗಿದೆ ಅಂದರೆ ಮೂರು ಪ್ರಶ್ನೆ ಕೇಳಿ. ಸೆನ್ಸರ್ ಅಳತೆ ಮಾಡಿ ನೋಡಿದಿರಾ? ಫ್ಯಾನಿಗೆ ಕರೆಂಟ್ ಬರುತ್ತಿದೆಯಾ? ವೋಲ್ಟೇಜ್ ಎಷ್ಟಿದೆ? ಕೆಲಸ ಗೊತ್ತಿರುವವರು ಇದಕ್ಕೆ ಸಿಟ್ಟಾಗುವುದಿಲ್ಲ, ಮೀಟರ್ ತೆಗೆದು ತೋರಿಸುತ್ತಾರೆ. ಬದಲಿಸಿದರೆ ಹಳೇ ಭಾಗವನ್ನು ನೋಡಿ, ಬಿಲ್ ಮೇಲೆ ಭಾಗದ ಹೆಸರು ಮತ್ತು ಎಷ್ಟು ದಿನದ ಗ್ಯಾರಂಟಿ ಅಂತ ಬರೆಸಿಕೊಳ್ಳಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಗ ಕೈಯಲ್ಲಿರಬೇಕಾದ್ದು ಆ ಬಿಲ್, ಮತ್ತು ಮೊದಲ ದಿನ ತೆಗೆದ ಪರದೆಯ ಫೋಟೋ.